ಹೊಸ ಸೀರಿಯಲ್, ಹೊಸ ಟೈಮ್: ಕನ್ನಡ ಚಾನೆಲ್‌ಗಳ ಬದಲಾವಣೆ ಬಗ್ಗೆ ವೀಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಯಾವುದೇ ಚಾನೆಲ್ ಹೊಸ ಪ್ರೋಮೋ ಬಿಟ್ಟರೆ ಮರುದಿನ ನನ್ನ ಫೋನಿಗೆ ಬಿಡುವಿರುವುದಿಲ್ಲ. ಟಿವಿ ಬಗ್ಗೆ ಅಷ್ಟಿಷ್ಟು ಬರೆಯುತ್ತೇನೆ ಅನ್ನುವುದು ನೆಂಟರಿಗೆಲ್ಲ ಗೊತ್ತು. ಚಿಕ್ಕಮ್ಮ ಫೋನ್ ಮಾಡಿ ಕೇಳುತ್ತಾರೆ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರು ಕೇಳುತ್ತಾರೆ. ಓದುಗರು ಪತ್ರ ಬರೆಯುತ್ತಾರೆ, ಕಾಮೆಂಟ್ ಹಾಕುತ್ತಾರೆ. ಕೇಳುವವರು ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಹೆಚ್ಚುಕಡಿಮೆ ಅವೇ. ಅವನ್ನೆಲ್ಲ ಅವರವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಬೈಗುಳ ಮಾತ್ರ ತೆಗೆದಿದ್ದೇನೆ.

## ಮೊದಲು ಸುಲಭದವು

ಪ್ರೋಮೋ ತೋರಿಸ್ತಾನೇ ಇದ್ದಾರೆ, ಯಾವತ್ತಿಂದ ಅಂತ ಹೇಳೋದೇ ಇಲ್ಲ. ಯಾಕ್ರೀ ಹೀಗೆ?

ಪ್ರೋಮೋ ಮೂರು ಹಂತದಲ್ಲಿ ಬರುತ್ತದೆ. ಮೊದಲು ಮುಖಗಳನ್ನು ತೋರಿಸಿ "ಶೀಘ್ರದಲ್ಲಿ" ಅನ್ನುತ್ತಾರೆ. ಆಮೇಲೆ ಕಥೆಯ ಎಳೆ ಬಿಡುತ್ತಾರೆ. ದಿನ ಮತ್ತು ಸಮಯ ಬರುವುದು ಕೊನೆಗೆ. ಆ ಸಮಯದಲ್ಲಿ ಈಗ ಇನ್ನೊಂದು ಸೀರಿಯಲ್ ಓಡುತ್ತಿದೆಯಲ್ಲ, ಅದನ್ನು ಮುಗಿಸುವುದೋ ಬೇರೆ ಹೊತ್ತಿಗೆ ತಳ್ಳುವುದೋ ಇನ್ನೂ ತೀರ್ಮಾನ ಆಗಿರುವುದಿಲ್ಲ. ಆಗಿದ್ದರೂ ಬೇಗ ಹೇಳಿದರೆ ಹಳೆಯದನ್ನು ನೋಡುವವರು ಅವತ್ತೇ ಕೈಬಿಡುತ್ತಾರೆ. ಎದುರಿನ ಚಾನೆಲ್‌ಗೂ ತಯಾರಾಗಲು ಟೈಮ್ ಸಿಗುತ್ತದೆ.

ದಿನ ಹೇಳಿದ ಮೇಲೂ ಯಡವಟ್ಟಾಗಬಹುದು. ಜೀ ಕನ್ನಡದ 'ಕರ್ಣ' 2025ರ ಜೂನ್ 16ಕ್ಕೆ ಶುರು ಅಂತ ಪ್ರೋಮೋ ಮೇಲೆ ಪ್ರೋಮೋ ಬಂದಿತ್ತು. ಕೊನೇ ಗಳಿಗೆಯಲ್ಲಿ ಕಾನೂನು ತೊಡಕು ಎದುರಾಗಿ ನಿಂತಿತು. ಪ್ರಸಾರ ಆರಂಭವಾದದ್ದು ಜುಲೈ 3ಕ್ಕೆ. ಆ ಎರಡೂವರೆ ವಾರ ನನಗೆ ಬಂದ ಪ್ರಶ್ನೆ ಒಂದೇ: "ಬರುತ್ತಾ, ಬರಲ್ವಾ?"

ಹೊಸ ಸೀರಿಯಲ್‌ಗಳು ಯಾವಾಗ್ಲೂ ಸೋಮವಾರವೇ ಶುರುವಾಗೋದ್ಯಾಕೆ?

ಸೀರಿಯಲ್‌ಗಳ ವಾರ ಶುರುವಾಗುವುದೇ ಸೋಮವಾರ. ಅವತ್ತು ಆರಂಭಿಸಿದರೆ ಮೊದಲ ವಾರಕ್ಕೆ ಪೂರ್ತಿ ಐದು ಅಥವಾ ಆರು ಎಪಿಸೋಡ್ ಸಿಗುತ್ತವೆ. ಶನಿವಾರ, ಭಾನುವಾರದ ರಿಯಾಲಿಟಿ ಶೋಗಳಲ್ಲಿ ಹೊಸ ಜೋಡಿಯನ್ನು ಕರೆಸಿ, ಕುಣಿಸಿ, "ನಾಳೆಯಿಂದ ನೋಡಿ" ಅನ್ನಿಸಬಹುದು. 'ಪುಟ್ಟಕ್ಕನ ಮಕ್ಕಳು' ಶುರುವಾದ 2021ರ ಡಿಸೆಂಬರ್ 13 ಸೋಮವಾರ. 'ಅಮೃತಧಾರೆ'ಯ 2023ರ ಮೇ 29 ಕೂಡ ಸೋಮವಾರ. ಮೇಲೆ ಹೇಳಿದ 'ಕರ್ಣ' ಮುಂದಕ್ಕೆ ಹೋಗಿ ಗುರುವಾರ ಶುರುವಾಯಿತು. ಅದು ಲೆಕ್ಕ ತಪ್ಪಿದ್ದಕ್ಕೆ ಆದದ್ದು.

ಸುವರ್ಣದವರೂ ಕಲರ್ಸ್‌ನವರೂ ಈಗ ಒಂದೇ ಅಂತೆ, ನಿಜನಾ?

ಮಾಲೀಕರು ಒಂದೇ, ಚಾನೆಲ್ ಬೇರೆ ಬೇರೆ. 2024ರ ನವೆಂಬರ್‌ನಲ್ಲಿ ಸ್ಟಾರ್ ಮತ್ತು ವಯಾಕಾಮ್18 ಒಂದಾಗಿ ಜಿಯೋಸ್ಟಾರ್ ಆಯಿತು. ಹಾಗಾಗಿ ಸ್ಟಾರ್ ಸುವರ್ಣ, ಕಲರ್ಸ್ ಕನ್ನಡ ಎರಡೂ ಒಂದೇ ಮನೆಗೆ ಸೇರಿದವು. ಹಳಬರಿಗಾಗಿ ಇನ್ನೊಂದು ಮಾತು. ಕಲರ್ಸ್ ಕನ್ನಡ ಅಂದರೆ 2000ರಲ್ಲಿ ಬಂದ ಅದೇ ಈಟಿವಿ ಕನ್ನಡ. 2015ರಲ್ಲಿ ಹೆಸರು ಬದಲಾಯಿತು. ನಮ್ಮ ದೊಡ್ಡಪ್ಪ ಇವತ್ತಿಗೂ "ಈಟಿವಿ ಹಾಕು" ಅನ್ನುತ್ತಾರೆ, ಮೊಮ್ಮಕ್ಕಳು ಹುಡುಕುತ್ತಾ ಕೂರುತ್ತಾರೆ. ಉದಯ ಇವರೆಲ್ಲರಿಗಿಂತ ಹಿರಿಯ, 1994ರದು, ಸನ್ ಬಳಗದ್ದು. ಜೀ ಕನ್ನಡ 2006ರಲ್ಲಿ, ಸುವರ್ಣ 2007ರಲ್ಲಿ ಬಂದವು.

ಅರ್ಧ ಗಂಟೆ ಸೀರಿಯಲ್‌ನಲ್ಲಿ ಅರ್ಧ ಜಾಹೀರಾತೇ. ಇದಕ್ಕೆ ಮಿತಿ ಇಲ್ವಾ?

ಇದೆ. ಕೇಬಲ್ ಟಿವಿ ನಿಯಮದ ಪ್ರಕಾರ ಒಂದು ಗಂಟೆಗೆ 12 ನಿಮಿಷ. ಅದರಲ್ಲಿ 10 ನಿಮಿಷ ಜಾಹೀರಾತು, 2 ನಿಮಿಷ ಚಾನೆಲ್‌ನ ಸ್ವಂತ ಪ್ರೋಮೋ. ಈ ಮಿತಿ ಬಗ್ಗೆ ಕೋರ್ಟ್‌ನಲ್ಲಿ ವರ್ಷಗಟ್ಟಲೆ ಜಗ್ಗಾಟ ನಡೆದಿದೆ. ಒಂದು ಸಲ ಗಡಿಯಾರ ಇಟ್ಟುಕೊಂಡು ನೋಡಿ. ನಿನ್ನೆಯ ಕಥೆಯ ಮರುಕಳಿಕೆ, ಟೈಟಲ್ ಸಾಂಗ್, ಕೊನೆಯಲ್ಲಿ ನಾಳೆಯ ತುಣುಕು ಕಳೆದರೆ ಇವತ್ತಿನ ಹೊಸ ಕಥೆ ಎಷ್ಟು ಉಳಿಯಿತು ಅಂತ ಗೊತ್ತಾಗುತ್ತದೆ. ಒಬ್ಬಳು ಬಾಗಿಲು ತೆಗೆದಳು, ಇನ್ನೊಬ್ಬಳು ತಿರುಗಿ ನೋಡಿದಳು. ಅಷ್ಟೇ.

## ಟೈಮ್ ಬದಲಾವಣೆಯ ಗಲಾಟೆ

ಚೆನ್ನಾಗಿ ಓಡ್ತಿದ್ದ ನಮ್ಮ ಸೀರಿಯಲ್ ಟೈಮ್ ಯಾಕೆ ಬದಲಾಯಿಸಿದ್ರು? ನೋಡೋರನ್ನ ಒಂದು ಮಾತು ಕೇಳಬಾರದಾ?

ಬರುವ ಪ್ರಶ್ನೆಗಳಲ್ಲಿ ಅತಿ ಜಾಸ್ತಿ ಇದೇ. ಸಿಟ್ಟೂ ಇದರಲ್ಲೇ ಜಾಸ್ತಿ. ಹೊಸ ಸೀರಿಯಲ್ ಚೆನ್ನಾಗಿಲ್ಲ ಅನ್ನುವವರು ಒಬ್ಬರಾದರೆ, ನಮ್ಮ ಟೈಮ್ ಹಾಳು ಮಾಡಿದರು ಅನ್ನುವವರು ಹತ್ತು ಜನ.

ನಮ್ಮ ಮನೆಯ ಕಥೆ ಹೇಳುತ್ತೇನೆ. ಅಮ್ಮ ಏಳು ಗಂಟೆಗೆ ಒಂದು ಸೀರಿಯಲ್ ನೋಡುತ್ತಿದ್ದರು. ಟೈಟಲ್ ಸಾಂಗ್ ಬಂದಾಗ ಬೇಳೆ ತೊಳೆದು ಕುಕ್ಕರ್ ಇಡುವುದು. ಮೊದಲ ಬ್ರೇಕ್ ಹೊತ್ತಿಗೆ ಮೂರನೇ ವಿಷಲ್, ಎದ್ದು ಹೋಗಿ ಒಲೆ ಆರಿಸುವುದು. ಎರಡನೇ ಬ್ರೇಕ್‌ಗೆ ಒಗ್ಗರಣೆ. ಏಳೂವರೆಗೆ ಸಾರು ಸಿದ್ಧ. ಒಂದು ಸೋಮವಾರ ಆ ಸೀರಿಯಲ್ಲನ್ನು ಆರು ಗಂಟೆಗೆ ಹಾಕಿದರು. ಆರು ಅಂದರೆ ದೇವರಿಗೆ ದೀಪ ಹಚ್ಚುವ ಹೊತ್ತು, ಹೂವಿನವಳು ಗೇಟ್ ತಟ್ಟುವ ಹೊತ್ತು. ಅಮ್ಮ ಎರಡು ವಾರ ಚಾನೆಲ್‌ನವರಿಗೆ ಶಾಪ ಹಾಕಿದರು. "ಇನ್ಮೇಲೆ ಆ ಚಾನೆಲ್ಲೇ ಬೇಡ" ಅಂದರು. ಮೂರನೇ ವಾರ ನಾನು ಊರಿಗೆ ಹೋದಾಗ ಏಳು ಗಂಟೆಗೆ ಅದೇ ಚಾನೆಲ್‌ನ ಹೊಸ ಸೀರಿಯಲ್ ಓಡುತ್ತಿತ್ತು. ಅಡುಗೆಮನೆ ಬಾಗಿಲಿಗೆ ಒರಗಿ ನಿಂತು ಅಮ್ಮ ಅದನ್ನೇ ನೋಡುತ್ತಿದ್ದರು. ನಾನು ಏನಿದು ಅನ್ನುವ ಹಾಗೆ ಮುಖ ನೋಡಿದೆ. "ಕುಕ್ಕರ್ ಇಡ್ಬೇಕಲ್ಲ" ಅಂದರು.

ಚಾನೆಲ್‌ನವರ ಲೆಕ್ಕವೂ ಇದೇ ಕುಕ್ಕರ್ ಲೆಕ್ಕ. ಏಳು, ಏಳೂವರೆ, ಎಂಟರ ಹೊತ್ತಿಗೆ ಟಿವಿ ಮುಂದೆ ಜನ ಹೇಗೂ ಇರುತ್ತಾರೆ. ಅಂಥ ಜಾಗಕ್ಕೆ ಹೊಸ ಸೀರಿಯಲ್ ಹಾಕಿದರೆ ಮೊದಲ ದಿನದಿಂದಲೇ ನೋಡುಗರು ಸಿಗುತ್ತಾರೆ. ಹಳೆಯ ಸೀರಿಯಲ್‌ಗೆ ಕಟ್ಟಾ ಅಭಿಮಾನಿಗಳಿದ್ದಾರೆ, ಅವರು ಎಲ್ಲಿಗೆ ಹಾಕಿದರೂ ಹಿಂದೆ ಬರುತ್ತಾರೆ ಅನ್ನುವುದು ನಂಬಿಕೆ. ಅವರನ್ನು ಇಟ್ಟುಕೊಂಡು ಆರು ಗಂಟೆಯಂಥ ಖಾಲಿ ಜಾಗದಲ್ಲಿ ಹೊಸ ಗಿರಾಕಿಗಳನ್ನು ಕಟ್ಟುವ ಆಸೆ. ಅಂದರೆ ನಿಮ್ಮ ಸೀರಿಯಲ್ ಸರಿದದ್ದು ಸೋತಿದ್ದಕ್ಕೇ ಆಗಬೇಕಿಲ್ಲ, ಗಟ್ಟಿ ಇದೆ ಅಂತಲೂ ಸರಿಸಿರಬಹುದು. ಇದು ಸಮಾಧಾನದ ಮಾತಲ್ಲ, ನನಗೂ ಗೊತ್ತು.

ಕೇಳಬೇಕಿತ್ತು ಅನ್ನುವುದು ನ್ಯಾಯವೇ. ಕೊನೇಪಕ್ಷ ಒಂದು ವಾರ ಮೊದಲು, ಆ ಸೀರಿಯಲ್ ನಡುವೆಯೇ, ದೊಡ್ಡ ಅಕ್ಷರದಲ್ಲಿ ಹೊಸ ಟೈಮ್ ತೋರಿಸಬಹುದು. ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ಪೋಸ್ಟರ್ ಹಾಕಿ ಮುಗಿಯಿತು ಅಂದುಕೊಂಡರೆ ಅಮ್ಮನಂಥವರಿಗೆ ಅದು ತಲುಪುವುದಿಲ್ಲ.

ಆರು ಗಂಟೆಗೆ ಹಾಕಿದ್ರು ಅಂದ್ರೆ ಮುಗಿಸ್ತಾರೆ ಅಂತಲೇ ಅರ್ಥ ಅಲ್ವಾ?

ಎಷ್ಟೋ ಸಲ ಹೌದು, ಯಾವಾಗಲೂ ಅಲ್ಲ. ಕಥೆಯ ಕಡೆ ಕಣ್ಣಿಡಿ. ವರ್ಷಗಟ್ಟಲೆ ಬಚ್ಚಿಟ್ಟ ಗುಟ್ಟು ಇದ್ದಕ್ಕಿದ್ದಂತೆ ಹೊರಬೀಳುತ್ತದಾ? ವಿಲನ್ ಅತ್ತೆ ಎರಡೇ ಎಪಿಸೋಡ್‌ನಲ್ಲಿ ಒಳ್ಳೆಯವಳಾಗುತ್ತಾಳಾ? ಕಳೆದುಹೋದ ಮಗು ಸಿಗುತ್ತದಾ? ಹಾಗಾದರೆ ಮೂಟೆ ಕಟ್ಟುತ್ತಿದ್ದಾರೆ. ಅದೇ ಆರು ಗಂಟೆಗೆ ಹೋದ ಮೇಲೂ ಹೊಸ ಪಾತ್ರ ಬಂದು, ಹೊಸ ಮನೆ ಸೆಟ್ ಕಂಡರೆ ಇನ್ನೂ ಆರು ತಿಂಗಳು ಧೈರ್ಯವಾಗಿ ನೋಡಬಹುದು.

ಬಿಗ್ ಬಾಸ್ ಬಂದ್ರೆ ನಮ್ಮ ರಾತ್ರಿ ಸೀರಿಯಲ್‌ಗಳ ಗತಿ ಏನು?

ಈಚಿನ ಸೀಸನ್‌ಗಳು ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಶುರುವಿನಲ್ಲಿ ಆರಂಭವಾಗುತ್ತಿವೆ. 2023ರಲ್ಲಿ ಅಕ್ಟೋಬರ್ 8, 2024ರಲ್ಲಿ ಸೆಪ್ಟೆಂಬರ್ 29, 2025ರಲ್ಲಿ ಸೆಪ್ಟೆಂಬರ್ 28. ನೂರು ದಿನದ ಮೇಲೆ ನಡೆಯುತ್ತದೆ. ಅಷ್ಟು ದಿನ ರಾತ್ರಿ ಒಂಬತ್ತೂವರೆ ಆದಮೇಲೆ ಅದು ಬರುವ ಕಲರ್ಸ್ ಕನ್ನಡದಲ್ಲಿ ಬೇರೆ ಯಾವುದಕ್ಕೂ ಜಾಗ ಇರುವುದಿಲ್ಲ. ಹಾಗಾಗಿ ಆಗಸ್ಟ್‌ನಲ್ಲೇ ಕೆಲವು ಸೀರಿಯಲ್‌ಗಳು ಮುಗಿಯುತ್ತವೆ, ಕೆಲವು ಸಂಜೆಗೆ ಜಾರುತ್ತವೆ. ಕಲರ್ಸ್ ಕನ್ನಡ ನೋಡುವವರು ಮಳೆಗಾಲ ಮುಗಿಯುವಾಗ ಕೊಡೆ ಮಡಿಸಿಟ್ಟ ಹಾಗೆ ಇದಕ್ಕೂ ತಯಾರಾಗಿರುವುದು ಒಳ್ಳೆಯದು.

ಒಂದು ಕುತೂಹಲದ ವಿಷಯ. ಈ ಶೋ ಎಲ್ಲ ಕಾಲಕ್ಕೂ ಒಂದೇ ಚಾನೆಲ್‌ನಲ್ಲಿ ಇರಲಿಲ್ಲ. 2013ರ ಮೊದಲ ಸೀಸನ್ ಈಟಿವಿ ಕನ್ನಡದಲ್ಲಿ, 2014ರದ್ದು ಸುವರ್ಣದಲ್ಲಿ. ಐದು ಮತ್ತು ಆರನೇ ಸೀಸನ್ ಕಲರ್ಸ್‌ನವರದೇ ಇನ್ನೊಂದು ಚಾನೆಲ್ ಕಲರ್ಸ್ ಸೂಪರ್‌ನಲ್ಲಿ ಬಂದವು. ಆಗ ಮುಖ್ಯ ಚಾನೆಲ್‌ನ ಸೀರಿಯಲ್‌ಗಳು ತಮ್ಮ ಪಾಡಿಗೆ ಇದ್ದವು. ಸೀರಿಯಲ್ ಪ್ರಿಯರು ಅದನ್ನು ಈಗಲೂ ಒಳ್ಳೆಯ ಕಾಲ ಅಂತ ನೆನೆಯುತ್ತಾರೆ. ಎಲ್ಲ ಸೀಸನ್‌ಗೂ ನಿರೂಪಣೆ ಸುದೀಪ್ ಅವರದೇ. ಚಾನೆಲ್ ಬದಲಾದರೂ ಜನ ಹಿಂದೆ ಹೋದದ್ದಕ್ಕೆ ಅದೂ ಒಂದು ಕಾರಣ ಅಂತ ನನ್ನ ಅನಿಸಿಕೆ.

ಒಂದು ಗಂಟೆ ಎಪಿಸೋಡ್, ಮಹಾಸಂಗಮ, ಮಹಾಸಂಚಿಕೆ... ಇವೆಲ್ಲ ಯಾಕೆ? ಎಳೆಯೋಕಾ?

ಎಳೆಯುವುದಕ್ಕಲ್ಲ, ಕಟ್ಟಿಹಾಕುವುದಕ್ಕೆ. ಎದುರಿನ ಚಾನೆಲ್ ಎಂಟೂವರೆಗೆ ಹೊಸ ಸೀರಿಯಲ್ ಶುರು ಮಾಡುತ್ತಿದೆ ಅನ್ನಿ. ಇವರು ಎಂಟರ ಸೀರಿಯಲ್ಲನ್ನು ಅದೇ ವಾರ ಒಂಬತ್ತರವರೆಗೆ ಎಳೆದು ಮದುವೆ ಟ್ರ್ಯಾಕ್ ಇಡುತ್ತಾರೆ. ತಾಳಿ ಕಟ್ಟುವ ಹೊತ್ತಿಗೆ ರಿಮೋಟ್ ಯಾರು ಮುಟ್ಟುತ್ತಾರೆ? ಮಹಾಸಂಗಮದಲ್ಲಿ ಎರಡು ಸೀರಿಯಲ್‌ನವರು ಒಂದೇ ದೇವಸ್ಥಾನಕ್ಕೋ ಜಾತ್ರೆಗೋ ಬಂದು ಸೇರುತ್ತಾರೆ. ಗಟ್ಟಿ ಸೀರಿಯಲ್‌ನ ನೋಡುಗರಿಗೆ ಸೊರಗಿದ ಸೀರಿಯಲ್‌ನ ಪರಿಚಯ ಮಾಡಿಸುವುದು ಅದರ ಕೆಲಸ. ಕೆಲವು ಸೀರಿಯಲ್‌ಗಳು ಮೊದಲ ದಿನದಿಂದಲೇ ಒಂದು ಗಂಟೆಯವು. 2024ರಲ್ಲಿ ಶುರುವಾದ 'ಲಕ್ಷ್ಮೀ ನಿವಾಸ' ಹಾಗೆ ಬಂತು. ದೊಡ್ಡ ಕುಟುಂಬ, ತುಂಬಾ ಪಾತ್ರಗಳು. ಅಂಥದ್ದಕ್ಕೆ ಅದು ಹೊಂದುತ್ತದೆ. ಗಂಡ ಹೆಂಡತಿ ಇಬ್ಬರದೇ ಕಥೆಯನ್ನು ಒಂದು ಗಂಟೆ ಹಿಗ್ಗಿಸಿದರೆ ಹಾಲಿಗೆ ನೀರು ಬೆರೆಸಿದ ಹಾಗಾಗುತ್ತದೆ.

## ಕಥೆ, ಕಲಾವಿದರು, ರೀಮೇಕ್

ಪ್ರೋಮೋದಲ್ಲಿ ಹೀರೋಯಿನ್ ಐಎಎಸ್ ಆಗ್ತೀನಿ ಅಂತಾಳೆ. ಮೂರು ತಿಂಗಳಾದ್ರೂ ಅಡುಗೆಮನೇಲೇ ಇದ್ದಾಳೆ. ಮೋಸ ಅಲ್ವಾ ಇದು?

ಪ್ರೋಮೋವನ್ನು ಎಷ್ಟೋ ಸಲ ಸೀರಿಯಲ್ ಚಿತ್ರೀಕರಣಕ್ಕೂ ಮೊದಲೇ, ಬೇರೆಯಾಗಿಯೇ ತೆಗೆಯುತ್ತಾರೆ. ಕ್ಯಾಮೆರಾ, ಬೆಳಕು, ಲೊಕೇಷನ್ ಎಲ್ಲಕ್ಕೂ ಅಲ್ಲಿ ಖರ್ಚು ಜಾಸ್ತಿ. ಹಾಗಾಗಿ ಪ್ರೋಮೋದ ನದಿ ದಂಡೆ ಸೀರಿಯಲ್‌ನಲ್ಲಿ ಕಾಣದಿದ್ದರೆ ಬೇಜಾರಾಗಬೇಡಿ. ಕಥೆ ತಿರುಗುವುದು ಮಾತ್ರ ನಂಬರ್, ಅಂದರೆ ಎಷ್ಟು ಜನ ನೋಡಿದರು ಅನ್ನುವ ಟಿಆರ್‌ಪಿ ಲೆಕ್ಕ, ನೋಡಿಕೊಂಡು. ಅಡುಗೆಮನೆ ಜಗಳ ಬಂದ ವಾರ ನೋಡುಗರು ಏರಿದರೆ ಮುಂದಿನ ವಾರ ಇನ್ನೊಂದು ಜಗಳ ಬರುತ್ತದೆ. ಓದುವ ಟ್ರ್ಯಾಕ್ ಬಂದ ವಾರ ಇಳಿದರೆ ಪುಸ್ತಕ ಕಪಾಟು ಸೇರುತ್ತದೆ. ಮೋಸ ಅನ್ನಿ, ನಾನು ಬೇಡ ಅನ್ನುವುದಿಲ್ಲ. ಆದರೆ ಓದುವ ಟ್ರ್ಯಾಕ್ ಬಂದಾಗ ಚಾನೆಲ್ ಬದಲಿಸಿದವರಲ್ಲಿ ನಾವೂ ಇದ್ದೆವಾ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ.

ಎಲ್ಲಾ ರೀಮೇಕೇ. ಕನ್ನಡದಲ್ಲಿ ಕಥೆ ಬರೆಯೋರು ಸತ್ತೋದ್ರಾ?

ಇಲ್ಲಪ್ಪ, ಚೆನ್ನಾಗಿದ್ದಾರೆ. ಹೊಸ ಸೀರಿಯಲ್ ಘೋಷಣೆಯಾದ ಹತ್ತೇ ನಿಮಿಷದಲ್ಲಿ "ಇದು ಆ ಭಾಷೆಯ ಇಂಥದ್ದರ ರೀಮೇಕ್" ಅಂತ ಯಾರಾದರೂ ಪತ್ತೆ ಹಚ್ಚುತ್ತಾರೆ. ಹೆಚ್ಚಿನ ಸಲ ಅದು ಸರಿಯೇ ಇರುತ್ತದೆ. 'ಜೊತೆ ಜೊತೆಯಲಿ' ಮರಾಠಿಯಿಂದ ಬಂತು, 'ಸೀತಾ ರಾಮ' ಕೂಡ. 'ಪುಟ್ಟಗೌರಿ ಮದುವೆ'ಗೆ ಹಿಂದಿ ಮೂಲ, 'ಅಣ್ಣಯ್ಯ'ನಿಗೆ ತಮಿಳು ಮೂಲ. ಒಂದೇ ಬಳಗಕ್ಕೆ ಏಳೆಂಟು ಭಾಷೆಯಲ್ಲಿ ಚಾನೆಲ್ ಇರುವಾಗ ಒಂದು ಕಡೆ ಗೆದ್ದ ಕಥೆಯನ್ನು ಇನ್ನೊಂದು ಕಡೆಗೆ ಒಯ್ಯುವುದು ಅವರಿಗೆ ಸುಲಭ. ಕಥೆಯ ಹಕ್ಕು ಕೊಳ್ಳಲು ಹೊರಗೆ ಅಲೆಯಬೇಕಿಲ್ಲ. ಎಲ್ಲಿ ಜನ ಎದ್ದು ಹೋದರು ಅನ್ನುವುದೂ ಮೊದಲೇ ಗೊತ್ತಿರುತ್ತದೆ.

ಇಲ್ಲಿಂದಲೂ ಹೊರಗೆ ಹೋಗುತ್ತವೆ. ಮೇಲೆ ಹೇಳಿದ 'ಲಕ್ಷ್ಮೀ ನಿವಾಸ' ಮರಾಠಿಗೆ ಹೋಗಿದೆ. ಅಲ್ಲಿನ ನೋಡುಗರು "ಇದು ಕನ್ನಡದ್ದು" ಅಂತ ಬೈಯುತ್ತಿರಬಹುದು, ಯಾರಿಗೆ ಗೊತ್ತು.

ನನ್ನ ತಕರಾರು ರೀಮೇಕ್ ಬಗ್ಗೆ ಅಲ್ಲ. ಮನೆ ಮಂಡ್ಯದ್ದು ಅಂತಾರೆ, ಹಬ್ಬಕ್ಕೆ ಇನ್ಯಾವುದೋ ಊರಿನ ಪದ್ಧತಿ ಮಾಡುತ್ತಾರೆ. ಹಳ್ಳಿಯ ಅಜ್ಜಿ ಮಾತಾಡುವ ಕನ್ನಡ ಯಾವ ಜಿಲ್ಲೆಯದು ಅಂತ ಅಜ್ಜಿಗೇ ಗೊತ್ತಿರುವುದಿಲ್ಲ. ಉತ್ತರ ಕರ್ನಾಟಕದವರ ಪತ್ರಗಳಲ್ಲಿ ಈ ದೂರು ತಪ್ಪದೇ ಇರುತ್ತದೆ: "ನಮ್ಮ ಮಾತು ಅಂದ್ರ ಬರೇ ಕಾಮಿಡಿಗೆ ಏನ್ರೀ?" ಅವರ ಮಾತಿಗೆ ನನ್ನಲ್ಲಿ ಉತ್ತರವಿಲ್ಲ.

ಡಬ್ಬಿಂಗ್ ಸೀರಿಯಲ್ ಹಾಕ್ತಾರೆ ಅಂದ್ರೆ ಅಷ್ಟೊಂದು ಗಲಾಟೆ ಯಾಕಾಗ್ತಿತ್ತು?

ಇಪ್ಪತ್ತರ ಹರೆಯದವರು ಕೇಳುವ ಪ್ರಶ್ನೆ. ಕನ್ನಡಕ್ಕೆ ಡಬ್ ಮಾಡಬಾರದು ಅನ್ನುವ ಕಟ್ಟುಪಾಡು 1960ರ ದಶಕದಿಂದ ಇತ್ತು. ಕಾನೂನಲ್ಲ, ಉದ್ಯಮದವರೇ ಹಾಕಿಕೊಂಡದ್ದು. ಆಗ ಕನ್ನಡ ಚಿತ್ರಗಳೇ ಕಡಿಮೆ. ಬೇರೆ ಭಾಷೆಯವು ಡಬ್ ಆಗಿ ಬಂದರೆ ಇಲ್ಲಿನ ಕಲಾವಿದರಿಗೆ ಕೆಲಸವೇ ಇರುವುದಿಲ್ಲ ಅನ್ನುವ ಭಯ. ಟಿವಿ ಬಂದ ಮೇಲೂ ಅದೇ ಮುಂದುವರಿಯಿತು. 2012ರಲ್ಲಿ ಆಮೀರ್ ಖಾನ್ ಅವರ 'ಸತ್ಯಮೇವ ಜಯತೆ' ಹಲವು ಭಾಷೆಗಳಲ್ಲಿ ಡಬ್ ಆಗಿ ಬಂದಾಗ ಕನ್ನಡದಲ್ಲಿ ಬರಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ಕಟ್ಟುಪಾಡು ಸರಿಯಲ್ಲ ಅಂತ ಆದೇಶ ಕೊಟ್ಟು ದಂಡವನ್ನೂ ಹಾಕಿತು.

ಬಾಗಿಲು ಪೂರ್ತಿ ತೆರೆದದ್ದು ಮಾತ್ರ ಕೊರೊನಾ ಕಾಲದಲ್ಲಿ. 2020ರ ಮಾರ್ಚ್‌ನಲ್ಲಿ ಶೂಟಿಂಗ್ ನಿಂತಿತು. ಕೂಡಿಟ್ಟ ಎಪಿಸೋಡ್ ಖಾಲಿಯಾಯಿತು. ಮೇ ತಿಂಗಳಲ್ಲಿ ಸ್ಟಾರ್ ಸುವರ್ಣದಲ್ಲಿ 'ಮಹಾಭಾರತ' ಕನ್ನಡದಲ್ಲಿ ಬಂತು, ಮನೆಮಂದಿಯೆಲ್ಲ ಕೂತು ನೋಡಿದರು. ಶಕುನಿ ಕನ್ನಡ ಮಾತಾಡಿದ್ದಕ್ಕೆ ನಮ್ಮಪ್ಪನಿಗೆ ಆದ ಖುಷಿ ನಾನೇ ಕಂಡಿದ್ದೇನೆ. ಈಗಿನ ವಾದ ಬೇರೆ ಥರ. ಪುರಾಣ ಡಬ್ ಆಗಲಿ ಪರವಾಗಿಲ್ಲ, ಸಾಂಸಾರಿಕ ಸೀರಿಯಲ್ ಡಬ್ ಬೇಡ ಅನ್ನುವವರು ಬಹಳ. ತುಟಿ ಒಂದು ಹೇಳಿ ಕಿವಿ ಇನ್ನೊಂದು ಕೇಳಿದರೆ ಅತ್ತೆ ಸೊಸೆ ಜಗಳದ ರುಚಿ ಹೋಗುತ್ತದೆ, ನಿಜ ಅಲ್ವಾ?

ಹೀರೋ ಬದಲಾದ್ರೆ ಸೀರಿಯಲ್ ಬಿದ್ದೋಗುತ್ತಾ?

ಬೀಳಲೇಬೇಕು ಅಂತಿಲ್ಲ. ತಂಗಿ, ಭಾವ, ಅತ್ತೆ ಪಾತ್ರ ಬದಲಾದರೆ ವಾರದೊಳಗೆ ಒಗ್ಗಿಹೋಗುತ್ತದೆ. "ಇನ್ನು ಮುಂದೆ ಈ ಪಾತ್ರದಲ್ಲಿ..." ಅಂತ ಕೆಳಗೆ ಒಂದು ಸಾಲು ಬರುತ್ತದೆ, ಮುಗಿಯಿತು. ಇಡೀ ಸೀರಿಯಲ್ ಒಬ್ಬರ ಮೇಲೆ ನಿಂತಿದ್ದರೆ ಕಷ್ಟ. 'ಜೊತೆ ಜೊತೆಯಲಿ' 2019ರಲ್ಲಿ ಶುರುವಾದಾಗ ನಲವತ್ತು ದಾಟಿದ ನಾಯಕನ ಪ್ರೇಮಕಥೆ ಊರಿಗೆಲ್ಲ ಮಾತಾಗಿತ್ತು. 2022ರ ಆಗಸ್ಟ್‌ನಲ್ಲಿ ಅನಿರುದ್ಧ ಹೊರಗೆ ಹೋದರು, ಆಮೇಲೆ ಹರೀಶ್ ರಾಜ್ ಬಂದರು. ಸೀರಿಯಲ್ 2023ರ ಮೇವರೆಗೆ ನಡೆಯಿತು. ಆ ದಿನಗಳಲ್ಲಿ ನನಗೆ ಬಂದ ಪತ್ರಗಳಲ್ಲಿ ಯಾರು ಸರಿ ಯಾರು ತಪ್ಪು ಅಂತ ಕೇಳಿದವರು ಕಡಿಮೆ. "ನಮಗೆ ಹೇಳದೆ ಹೇಗೆ ಬದಲಾಯಿಸಿದ್ರು?" ಅಂದವರೇ ಹೆಚ್ಚು. ದಿನಾ ಮನೆಗೆ ಬರುತ್ತಿದ್ದ ಮನುಷ್ಯ ಹೇಳದೆ ಕೇಳದೆ ನಿಂತುಬಿಟ್ಟರೆ ಆಗುವ ಸಂಕಟವೇ ಅದರಲ್ಲಿತ್ತು.

## ಟಿಆರ್‌ಪಿ ಒಳಗೆ

ನಮ್ಮನೇಲಿ ದಿನಾ ನೋಡ್ತೀವಿ. ಅದು ಟಿಆರ್‌ಪಿಗೆ ಸೇರುತ್ತಾ?

ನಿಮ್ಮ ಮನೆಯಲ್ಲಿ ಮೀಟರ್ ಇಲ್ಲದಿದ್ದರೆ ಸೇರುವುದಿಲ್ಲ. ಈ ಉತ್ತರ ಕೇಳಿ ಎಷ್ಟೋ ಜನ ಬೇಜಾರು ಮಾಡಿಕೊಂಡಿದ್ದಾರೆ. ಟಿಆರ್‌ಪಿ ಲೆಕ್ಕ ಹಾಕುವುದು ಬಾರ್ಕ್ ಅನ್ನುವ ಸಂಸ್ಥೆ, 2015ರಿಂದ. ದೇಶದಲ್ಲಿ ಟಿವಿ ಇರುವ ಮನೆಗಳು 21 ಕೋಟಿ ಅಂತ ಅವರದೇ ಅಂದಾಜು. ಮೀಟರ್ ಇರುವುದು ಅರ್ಧ ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ ಮನೆಗಳಲ್ಲಿ. ಅದರಲ್ಲಿ ಕರ್ನಾಟಕದ ಪಾಲು ಎಷ್ಟಿದ್ದೀತು ಯೋಚಿಸಿ.

ಕೆಲಸ ಮಾಡುವ ರೀತಿ ಸರಳ. ಚಾನೆಲ್‌ನ ಧ್ವನಿಯಲ್ಲಿ ನಮ್ಮ ಕಿವಿಗೆ ಕೇಳದ ಒಂದು ಗುರುತು ಸೇರಿಸಿರುತ್ತಾರೆ. ಮೀಟರ್ ಅದನ್ನು ಹಿಡಿದು ಯಾವ ಚಾನೆಲ್, ಯಾವ ಹೊತ್ತು ಅಂತ ಬರೆದುಕೊಳ್ಳುತ್ತದೆ. ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಬಟನ್. ಟಿವಿ ಮುಂದೆ ಕೂತಾಗ ಒತ್ತಬೇಕು, ಎದ್ದಾಗ ಮತ್ತೆ ಒತ್ತಬೇಕು. ಕುಕ್ಕರ್ ವಿಷಲ್‌ಗೆ ಎದ್ದು ಹೋದ ನಮ್ಮಮ್ಮನಂಥವರು ಬಟನ್ ಒತ್ತಿ ಹೋಗುತ್ತಾರಾ ಅನ್ನುವುದು ನನಗೆ ಮೊದಲಿಂದಲೂ ಇರುವ ಅನುಮಾನ.

ಯಾರ ಮನೆಯಲ್ಲಿ ಮೀಟರ್ ಇದೆ ಅನ್ನುವುದು ಗುಟ್ಟಾಗಿರಬೇಕು. 2020ರಲ್ಲಿ ಮುಂಬೈ ಪೊಲೀಸರ ಕೇಸ್ ದೊಡ್ಡ ಸುದ್ದಿಯಾದದ್ದೇ ಮೀಟರ್ ಮನೆಗಳಿಗೆ ದುಡ್ಡು ಕೊಟ್ಟರು ಅನ್ನುವ ಆರೋಪಕ್ಕೆ. ಆಗ ನ್ಯೂಸ್ ಚಾನೆಲ್‌ಗಳ ವಾರದ ರೇಟಿಂಗ್ ನಿಲ್ಲಿಸಿದರು, ಮತ್ತೆ ಬಂದದ್ದು 2022ರ ಮಾರ್ಚ್‌ನಲ್ಲಿ. ಸೀರಿಯಲ್ ಚಾನೆಲ್‌ಗಳ ಲೆಕ್ಕ ನಿಂತಿರಲಿಲ್ಲ.

ಗುರುವಾರ ನಂಬರ್ ಬರುತ್ತಲ್ಲ, ಅದನ್ನ ಓದೋದು ಹೇಗೆ? ನಮ್ಮದು ಆರನೇ ಸ್ಥಾನ, ಅಂದ್ರೆ ಸೋತಂಗಾ?

ಪಟ್ಟಿಯಲ್ಲಿ ಎಷ್ಟನೇ ಸ್ಥಾನ ಅನ್ನುವುದನ್ನು ಬದಿಗಿಡಿ. ಎಂಟು ಗಂಟೆ ಸೀರಿಯಲ್ಲನ್ನೂ ಹತ್ತು ಗಂಟೆ ಸೀರಿಯಲ್ಲನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಹತ್ತಕ್ಕೆ ಹಳ್ಳಿಗಳಲ್ಲಿ ಅರ್ಧ ಊರು ಮಲಗಿರುತ್ತದೆ. ನೋಡಬೇಕಾದದ್ದು ಎರಡು. ಅದೇ ಹೊತ್ತಿಗೆ ಎದುರಿನ ಚಾನೆಲ್ ಎಷ್ಟು ತೆಗೆದಿದೆ? ತನಗಿಂತ ಮುಂಚಿನ ಸೀರಿಯಲ್ ಬಿಟ್ಟುಕೊಟ್ಟ ಜನರಲ್ಲಿ ಇದು ಎಷ್ಟು ಉಳಿಸಿಕೊಂಡಿದೆ? ಏಳೂವರೆಯದು ಎಂಟು ಅಂಕ ತಂದುಕೊಟ್ಟು ಎಂಟರದು ಐದಕ್ಕೆ ಇಳಿಸಿದರೆ ಚಾನೆಲ್ ಆಫೀಸಿನಲ್ಲಿ ಮೀಟಿಂಗ್ ಗ್ಯಾರಂಟಿ. ಒಂದು ವಾರದ ನಂಬರ್ ಹಿಡಿದು ಹಾರಾಡುವುದೂ ಬೇಡ. ಮೊದಲ ವಾರ ಕುತೂಹಲಕ್ಕೆ ಎಲ್ಲರೂ ನೋಡುತ್ತಾರೆ. ಐಪಿಎಲ್, ದೊಡ್ಡ ಹಬ್ಬ ಬಂದ ವಾರ ಲೆಕ್ಕ ಏರುಪೇರಾಗುತ್ತದೆ. ನಾನು ಆರೇಳು ವಾರ ನೋಡಿ ಮಾತಾಡುತ್ತೇನೆ.

ಗುರುವಾರ ಬರುವುದು ಅವತ್ತಿನದಲ್ಲ. ಹಿಂದಿನ ಶನಿವಾರದಿಂದ ಶುಕ್ರವಾರದವರೆಗಿನ ವಾರದ್ದು.

ನಾವು ದುಬೈನಲ್ಲಿದ್ದೀವಿ, ಮೊಬೈಲ್‌ನಲ್ಲೇ ನೋಡೋದು. ನಮ್ಮ ಲೆಕ್ಕ ಯಾರೂ ಇಡಲ್ವಾ?

ಇಡುತ್ತಾರೆ, ಆದರೆ ಗುರುವಾರದ ಪಟ್ಟಿಯಲ್ಲಿ ಅಲ್ಲ. ಜೀ5, ಜಿಯೋಹಾಟ್‌ಸ್ಟಾರ್, ಸನ್ ನೆಕ್ಸ್ಟ್ ತಮ್ಮ ತಮ್ಮ ಲೆಕ್ಕ ತಾವೇ ಇಟ್ಟುಕೊಳ್ಳುತ್ತವೆ. ಎಲ್ಲಿ ನಿಲ್ಲಿಸಿದಿರಿ, ಎಲ್ಲಿ ಓಡಿಸಿದಿರಿ ಅನ್ನುವುದು ಕೂಡ ಗೊತ್ತಾಗುತ್ತದೆ. ಕೆಲವು ಕಡೆ ದುಡ್ಡು ಕೊಟ್ಟವರಿಗೆ ಟಿವಿಗಿಂತ ಮೊದಲೇ ಎಪಿಸೋಡ್ ಸಿಗುತ್ತದೆ. ಅದರಿಂದ ಇನ್ನೊಂದು ತಲೆನೋವು. ದುಬೈಯ ಮಗಳು ಮಧ್ಯಾಹ್ನವೇ ನೋಡಿ ಫೋನ್‌ನಲ್ಲಿ ಕಥೆ ಹೇಳಿಬಿಡುತ್ತಾಳೆ, ಶಿವಮೊಗ್ಗದ ಅಮ್ಮನಿಗೆ ರಾತ್ರಿ ನೋಡಲು ಏನೂ ಉಳಿಯುವುದಿಲ್ಲ.

## ಬೇಜಾರಾದರೆ ಏನು ಮಾಡುವುದು

ಸೀರಿಯಲ್ ನಿಲ್ಲಿಸಬೇಡಿ ಅಂತ ಹ್ಯಾಶ್‌ಟ್ಯಾಗ್ ಮಾಡಿದ್ರೆ, ಕಾಮೆಂಟ್ ಹಾಕಿದ್ರೆ ಉಪಯೋಗ ಇದೆಯಾ?

ಸೀರಿಯಲ್ ಉಳಿಸುವ ಮಟ್ಟಿಗೆ ನಾನು ಕಂಡಂತೆ ಇಲ್ಲ. ಕಾಮೆಂಟ್ ಡಬ್ಬ ಬೇರೆ, ಮೀಟರ್ ಡಬ್ಬ ಬೇರೆ. ಎಷ್ಟೋ ಸಲ ಕಾಮೆಂಟ್ ಹಾಕುವವರು ತುಣುಕುಗಳನ್ನು ಫೋನಿನಲ್ಲಿ ನೋಡುತ್ತಾರೆ, ಮೀಟರ್ ಮನೆಯ ಅಜ್ಜಿ ಕಾಮೆಂಟ್ ಹಾಕುವುದಿಲ್ಲ. ಹಾಗಂತ ಯಾರೂ ಓದುವುದಿಲ್ಲ ಅಂತಲ್ಲ. ಯಾವ ಜೋಡಿಯ ಮೇಲೆ ಜನಕ್ಕೆ ಪ್ರೀತಿ, ಯಾವ ಪಾತ್ರ ಕಂಡರೆ ಸಿಟ್ಟು, ಪ್ರೋಮೋದ ಯಾವ ಮಾತು ಬಾಯಿಗೆ ಬಂತು ಅನ್ನುವುದನ್ನು ಅಲ್ಲಿಂದಲೇ ಹೆಕ್ಕುತ್ತಾರೆ. ಸಣ್ಣ ಪಾತ್ರವೊಂದು ಕಾಮೆಂಟ್‌ಗಳಿಂದ ದೊಡ್ಡದಾಗುವುದು ಉಂಟು.

ಬರೆಯುವುದಾದರೆ "ಥೂ" ಅಂತ ಬರೆದು ಬಿಡಬೇಡಿ. "ಆರು ಗಂಟೆಗೆ ನಾನು ಬಸ್ಸಿನಲ್ಲಿರುತ್ತೇನೆ, ರಾತ್ರಿ ಹನ್ನೊಂದಕ್ಕೆ ಮರುಪ್ರಸಾರ ಹಾಕಿ" ಅಂತ ಬರೆಯಿರಿ. ಅಂಥ ಬೇಡಿಕೆ ಈಡೇರಿಸುವುದು ಅವರಿಗೂ ಸುಲಭ. ನಾನೂ ಒಮ್ಮೆ ಒಂದು ಚಾನೆಲ್‌ಗೆ ಹೀಗೆ ಬರೆದಿದ್ದೆ. ಉತ್ತರ ಬರಲಿಲ್ಲ. ಮರುಪ್ರಸಾರ ಮಾತ್ರ ತಿಂಗಳ ಮೇಲೆ ಬಂತು. ನನ್ನ ಪತ್ರದಿಂದಲೇ ಅಂತ ಅಮ್ಮ ಬೀದಿಗೆಲ್ಲ ಹೇಳಿದ್ದಾರೆ.

ಸೀನ್ ತೀರಾ ಅತಿ ಆಯ್ತು, ಮಕ್ಕಳ ಮುಂದೆ ನೋಡೋಕಾಗಲ್ಲ. ದೂರು ಕೊಡೋದೆಲ್ಲಿ?

ಇದಕ್ಕೆ ನಿಜವಾದ ದಾರಿ ಇದೆ. 2021ರ ನಿಯಮದ ಪ್ರಕಾರ ಮೂರು ಮೆಟ್ಟಿಲು. ಮೊದಲು ಚಾನೆಲ್‌ನ ದೂರು ಅಧಿಕಾರಿಗೆ ಬರೆಯಬೇಕು, 15 ದಿನದಲ್ಲಿ ಅವರು ಇತ್ಯರ್ಥ ಮಾಡಬೇಕು. ಸಮಾಧಾನ ಆಗದಿದ್ದರೆ ಅಲ್ಲಿಂದ 15 ದಿನದೊಳಗೆ ಸ್ವಯಂ ನಿಯಂತ್ರಣ ಸಂಸ್ಥೆಗೆ ಹೋಗಬಹುದು. ಸೀರಿಯಲ್, ರಿಯಾಲಿಟಿ ಶೋಗಳ ದೂರು ನೋಡುವುದು ಬಿಸಿಸಿಸಿ. ಅದು 2011ರಿಂದ ಇದೆ. ಮೂರನೆಯದು ಕೇಂದ್ರ ಸರ್ಕಾರ. ದೂರಿನಲ್ಲಿ ಚಾನೆಲ್, ದಿನ, ಸಮಯ, ದೃಶ್ಯದಲ್ಲಿ ಏನಿತ್ತು ಅನ್ನುವುದು ಇರಲೇಬೇಕು. "ದಿನಾ ಹೀಗೇ" ಅಂದರೆ ನಡೆಯುವುದಿಲ್ಲ. ಟೈಮ್ ಬದಲಾಯಿಸಿದರು, ಹೀರೋಯಿನ್ ಬೇಗ ಸತ್ತಳು ಅನ್ನುವುದೆಲ್ಲ ಇಲ್ಲಿ ದೂರಲ್ಲ.

ಟಿ.ಎನ್. ಸೀತಾರಾಂ ಸೀರಿಯಲ್ ಥರದ್ದು ಮುಂದಿನ ಪಟ್ಟಿಯಲ್ಲಿ ಯಾಕೆ ಇರೋದೇ ಇಲ್ಲ?

ಯಾವ ಚಾನೆಲ್ ಏನೇ ಘೋಷಿಸಿದರೂ ಈ ಪ್ರಶ್ನೆ ಒಂದು ಬಂದೇ ಬರುತ್ತದೆ. ಕೇಳುವವರು ಹೆಚ್ಚಾಗಿ ಐವತ್ತು ದಾಟಿದವರು. 1998ರಲ್ಲಿ ದೂರದರ್ಶನದಲ್ಲಿ 'ಮಾಯಾಮೃಗ' ಬರುವಾಗ ಕೆಲಸ ಬಿಟ್ಟು ಟಿವಿ ಮುಂದೆ ಕೂತವರು. ಆಮೇಲೆ 'ಮನ್ವಂತರ', 'ಮುಕ್ತ'. ಇವನ್ನೆಲ್ಲ ನಿರ್ದೇಶಿಸಿದ ಸೀತಾರಾಂ ಅವರ ಕೋರ್ಟ್ ಸೀನ್‌ಗಾಗಿ ಕಾಯುತ್ತಿದ್ದವರು ವಕೀಲರ ಮನೆಗಳಲ್ಲೂ ಇದ್ದರು.

ಆ ಥರದ್ದಕ್ಕೆ ಬೇಕಾದ್ದು ಬರೆಯುವ ಟೈಮ್. ವಾರಕ್ಕೆ ಐದಾರು ಎಪಿಸೋಡ್, ಗುರುವಾರದ ನಂಬರ್ ನೋಡಿ ಶುಕ್ರವಾರ ಕಥೆ ತಿರುಗಿಸುವ ಪದ್ಧತಿಯಲ್ಲಿ ಆ ಟೈಮ್ ಸಿಗುವುದಿಲ್ಲ. ಮಾತು ಕೇಳಿ ನೋಡಬೇಕಾದ ಸೀರಿಯಲ್ಲನ್ನು ಅಡುಗೆಮನೆಯಿಂದ ಅರ್ಧ ಕಿವಿಯಲ್ಲಿ ನೋಡಲಾಗುವುದಿಲ್ಲ ಅನ್ನುವುದೂ ಇದೆ. ಈಗಿನ ಸೀರಿಯಲ್‌ನಲ್ಲಿ ಒಂದೇ ಮುಖವನ್ನು ಮೂರು ಸಲ ಢಂ ಢಂ ಅಂತ ತೋರಿಸುವುದು ಒಳಗೆ ಕೆಲಸದಲ್ಲಿರುವವರನ್ನು ಕರೆಯುವುದಕ್ಕೇ.

2018ರಲ್ಲಿ ಕಲರ್ಸ್ ಸೂಪರ್‌ನಲ್ಲಿ 'ಮಗಳು ಜಾನಕಿ' ಶುರುವಾದಾಗ ಇವರೆಲ್ಲ ಆ ಚಾನೆಲ್ ಎಷ್ಟನೇ ನಂಬರ್ ಅಂತ ಹುಡುಕಿಕೊಂಡು ಹೋದರು. 2020ರಲ್ಲಿ ಕೊರೊನಾ ಬಂದು ಅದು ನಡುವೆಯೇ ನಿಂತಿತು. ಮೈಸೂರಿನ ನಿವೃತ್ತ ಮೇಷ್ಟ್ರೊಬ್ಬರು ವರ್ಷಕ್ಕೊಂದು ಸಲ ನನಗೆ ಕಾರ್ಡ್ ಹಾಕುತ್ತಾರೆ. ಹೊಸ ಸೀರಿಯಲ್‌ಗಳ ಬಗ್ಗೆ ಒಂದು ಮಾತೂ ಇರುವುದಿಲ್ಲ. "ಜಾನಕಿ ಕಥೆ ಮುಂದೇನಾಯಿತು, ಯಾರಿಗಾದರೂ ಗೊತ್ತೇ?" ಇಷ್ಟೇ. ಈ ವರ್ಷದ ಕಾರ್ಡ್ ಹೋದ ವಾರ ಬಂತು.